ಬೀಜದ ಹೈಲಂ ನೋಡಲು 10 ಪಟ್ಟಿನ ಟ್ರಿಪ್ಲೆಟ್ ಮಸೂರ

ಬೀಜದ ಮೇಲಿನ ಒಂದು ಕಲೆಯ ಹೆಸರಾದ 'ಹೈಲಂ' ಪದವನ್ನು ಬಾಯಿಪಾಠ ಮಾಡುವುದಕ್ಕಿಂತ ಕಣ್ಣಾರೆ ನೋಡಿಬಿಡುವುದು ಮೇಲು. ಮೈಕ್ರೋಸ್ಕೋಪ್ ಬೇಕಿಲ್ಲ, 10 ಪಟ್ಟು ಹಿಗ್ಗಿಸುವ, ಮಡಚಿ ಜೇಬಿಗಿಳಿಸಬಹುದಾದ ಟ್ರಿಪ್ಲೆಟ್ ಮಸೂರ ಧಾರಾಳ ಸಾಕು. ಮೂರು ಗಾಜುಗಳನ್ನು ಅಂಟಿಸಿ ಮಾಡಿರುವುದರಿಂದ ಒಂಟಿ ಗಾಜಿನ ಭೂತಗನ್ನಡಿಯಂತೆ ಅಂಚಿನಲ್ಲಿ ಬಣ್ಣ ಒಡೆಯುವುದಿಲ್ಲ, ಗೆರೆ ಸೊಟ್ಟಗಾಗುವುದಿಲ್ಲ.

ರಾಜ್ಮಾ ಕಾಳನ್ನು 10-12 ಗಂಟೆ ನೆನೆಸಿ ಒರೆಸಿಕೊಳ್ಳಿ. ಬೇಗ ತೆಗೆದರೆ ಸಿಪ್ಪೆ ಸುಕ್ಕುಗಟ್ಟಿರುತ್ತದೆ, ತೀರಾ ತಡವಾದರೆ ಬಿರಿಯುತ್ತದೆ. ಮಸೂರವನ್ನು ಕಣ್ಣಿಗೆ ಒತ್ತಿದಂತೆ ಹಿಡಿದು, ಕಾಳನ್ನೇ ಸುಮಾರು 25 ಮಿ.ಮೀ. ಹತ್ತಿರಕ್ಕೆ ತನ್ನಿ. ಮಸೂರವನ್ನು ಕಣ್ಣಿನಿಂದ ದೂರ ಹಿಡಿಯುವುದೇ ಹೆಚ್ಚಿನವರ ತಪ್ಪು. ಆಗ ನೋಟ ಕಿರಿದಾಗುತ್ತದೆ. ಕಾಳಿನ ಒಳಬಾಗಿದ ಅಂಚಿನಲ್ಲಿರುವ ಉದ್ದನೆಯ ಮಾಸಲು ಬಿಳಿ ಕಲೆಯೇ ಹೈಲಂ, ಬೀಜ ತನ್ನ ತೊಟ್ಟಿನಿಂದ ಕಳಚಿಕೊಂಡ ಗುರುತು. ಮೆಲ್ಲಗೆ ಒತ್ತಿದರೆ ಅದರ ಒಂದು ತುದಿಯ ಪಕ್ಕದಲ್ಲಿ ನೀರು ಜಿನುಗುತ್ತದೆ, ಆ ಪುಟ್ಟ ರಂಧ್ರವೇ ಮೈಕ್ರೋಪೈಲ್. ಇನ್ನೊಂದು ತುದಿಯಾಚೆಯ ಪುಟ್ಟ ಉಬ್ಬಿಗೆ ಸಸ್ಯಶಾಸ್ತ್ರದಲ್ಲಿ ಲೆನ್ಸ್ ಎಂದೇ ಹೆಸರು. ಲ್ಯಾಟಿನ್‌ನ ಲೆನ್ಸ್ ಎಂದರೆ ಮಸೂರದ ಕಾಳು. ಗಾಜಿಗೂ ಕಾಳಿಗೂ ಒಂದೇ ಪದ, ಕನ್ನಡದಲ್ಲೂ ಹಾಗೆಯೇ!

'ಹೈಲಂ' ಎಂದರೆ ಲ್ಯಾಟಿನ್‌ನಲ್ಲಿ ಚೂರು, ಅತ್ಯಲ್ಪವಾದದ್ದು. ಅದಕ್ಕೆ ನಿಷೇಧದ 'ನೆ' ಸೇರಿ ಹುಟ್ಟಿದ್ದು 'ನಿಹಿಲ್', ಅಂದರೆ ಚೂರೂ ಇಲ್ಲ. ಅಂಗರಚನಾಶಾಸ್ತ್ರದಲ್ಲಿ ಮೂತ್ರಪಿಂಡ, ಶ್ವಾಸಕೋಶ, ಗುಲ್ಮಗಳಿಗೂ ಹೈಲಂ ಇದೆ. ಹಳೆಯ ಪಠ್ಯಗಳಲ್ಲಿ 'ಹೈಲಸ್' ಎಂದಿರುತ್ತದೆ. 1998ರ ಅಂತಾರಾಷ್ಟ್ರೀಯ ಪದಪಟ್ಟಿ 'ಹೈಲಂ' ರೂಪವನ್ನೇ ಬಳಸಿದೆ. ರಾಜ್ಮಾ ಮತ್ತು ಮೂತ್ರಪಿಂಡ ಎರಡರಲ್ಲೂ ಅದು ಒಳಬಾಗಿದ ಅಂಚಿನಲ್ಲೇ ಇರುವುದರಿಂದ ನೆನಪಿಡಲು ಸುಲಭ. ಆದರೆ ಬೀಜದಲ್ಲಿ ಅದು ನಂಟು ಕಡಿದ ಜಾಗ. ಮೂತ್ರಪಿಂಡದಲ್ಲಿ ರಕ್ತನಾಳ, ನರ, ಮೂತ್ರನಾಳಗಳು ಹಾದುಹೋಗುವ ಜಾಗ. ಅಲ್ಲಿಯೂ 'ಕಲೆ' ಎಂದು ಅರ್ಥ ಬರೆದರೆ ತಪ್ಪಾಗುತ್ತದೆ.

20 ಪಟ್ಟಿನದು ಈ ಕೆಲಸಕ್ಕೆ ಬೇಡ. ಕಾಳು ಸುಮಾರು 12 ಮಿ.ಮೀ.ಗೆ ಬರಬೇಕಾಗಿ ಬೆಳಕಿಗೆ ಅಡ್ಡವಾಗುತ್ತದೆ, ಇಡೀ ಹೈಲಂ ಒಮ್ಮೆಗೆ ಸ್ಪಷ್ಟವಾಗುವುದೂ ಕಷ್ಟ. ಗಾಜಿಗೆ ಬೆರಳು ತಾಗಿಸಬೇಡಿ, ನೀರಲ್ಲಿ ಅದ್ದಬೇಡಿ. ಒಳಗಿನ ಅಂಟು ಬಿಟ್ಟರೆ ನೋಟ ಮಬ್ಬಾಗುತ್ತದೆ. ಧೂಳು ಊದಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು.