ಬೆರಳಿಗೆ ಹಾಕೋ ಆಕ್ಸಿಮೀಟರ್, ಇಷ್ಟು ವರ್ಷ ಬಳಸಿದ ಮೇಲೆ ಬರೀತಿರೋದು

2021ರ ಏಪ್ರಿಲ್ ಕೊನೇಲಿ ಮಂಡ್ಯದ ಒಂದು ಮೆಡಿಕಲ್ ಸ್ಟೋರಲ್ಲಿ ತಗೊಂಡಿದ್ದು, ಅಂಗಡಿ ಹೆಸರು ಬೇಡ ಬಿಡಿ, 2,200 ರೂಪಾಯಿ ಕಿತ್ಕೊಂಡು ಬಿಲ್ ಕೂಡ ಕೊಡ್ಲಿಲ್ಲ. ಆಮೇಲೆ ಜುಲೈನಲ್ಲಿ ಸರ್ಕಾರದೋರು ಇದರ ಮೇಲೆ ವ್ಯಾಪಾರಿಗಳ ಲಾಭದ ಮಾರ್ಜಿನ್ 70% ದಾಟಂಗಿಲ್ಲ ಅಂತ ರೂಲ್ ತಂದ್ರು, ಅಷ್ಟೊತ್ತಿಗೆ ನಮ್ ದುಡ್ಡು ಹೋಗಾಗಿತ್ತು.

ಆದ್ರೂ ದುಡ್ಡಿಗೆ ಮೋಸ ಇಲ್ಲ ಅಂತೀನಿ, ಯಾಕಂದ್ರೆ ಅಪ್ಪಂಗೆ ಆಗ 67, ಶುಗರ್ 18 ವರ್ಷದ್ದು, ಜೊತೆಗೆ ಬಿಪಿ. ಕೊರೊನಾ ಪಾಸಿಟಿವ್ ಬಂದು ಒಂದು ವಾರ ರಕ್ತದಲ್ಲಿರೋ ಆಕ್ಸಿಜನ್ ನೂರಕ್ಕೆ 96, 95 ಅಂತ ತೋರಿಸ್ತಿತ್ತು, ಜ್ವರಾನೂ ಇಳಿದಿತ್ತು, ಎಂಟನೇ ದಿನ ಜಗಲಿ ಮೇಲೆ ಕೂತ್ಕೊಂಡು ಫ್ಯಾಕ್ಟ್ರಿಯೋರು ಕಬ್ಬಿನ ದುಡ್ಡು ಕೊಟ್ಟಿಲ್ಲ ಅಂತ ಬಯ್ತಾ ಇದ್ದಾಗ ಹಾಕಿ ನೋಡಿದ್ರೆ 91. ಉಸಿರಾಟ ಕಷ್ಟ ಅನ್ನೋ ಸುಳಿವೇ ಇಲ್ಲ! "ನಂಗೇನಾಗದೆ ಸುಮ್ಕಿರ್ಲಾ" ಅಂದ್ರು. ಆರು ನಿಮಿಷ ಅಂಗಳದಲ್ಲಿ ನಡೆಸಿ ನೋಡಿದೆ, 87ಕ್ಕೆ ಬಂತು. ಅವತ್ತೇ ಸಂಜೆ ಅಡ್ಮಿಟ್. ಕೊರೊನಾದಲ್ಲಿ ಇದೇ ಮೋಸ ಕಣ್ರೀ, ಆಕ್ಸಿಜನ್ ಕುಸೀತಿದ್ರೂ ಮನುಷ್ಯ ಮಾತಾಡ್ಕೊಂಡು ಕಾಫಿ ಕುಡ್ಕೊಂಡು ಇರ್ತಾನೆ.

ಆಸ್ಪತ್ರೆಯಲ್ಲಿ ಡಾಕ್ಟ್ರು ಮೊದ್ಲು ಕೇಳಿದ್ದು ವಯಸ್ಸೆಷ್ಟು, ಶುಗರ್ ಇದ್ಯಾ, ಕಿಡ್ನಿ ಹೆಂಗಿದೆ, ಹಾರ್ಟ್ ತೊಂದ್ರೆ ಇದ್ಯಾ ಅಂತ. ಆಮೇಲೆ ರಕ್ತ ತಗೊಂಡು ಡಿ-ಡೈಮರ್, ಮೈಯೊಳಗಿನ ಉರಿಯೂತ ನೋಡೋ ಸಿಆರ್‌ಪಿ, ಕಿಡ್ನಿ ನೋಡೋ ಕ್ರಿಯಾಟಿನಿನ್ ಎಲ್ಲ ಮಾಡಿಸಿದ್ರು. ನಂಗೆ ಡಿ-ಡೈಮರ್ ಅಂದ್ರೆ ಏನು ಅಂತಾನೇ ಗೊತ್ತಿರ್ಲಿಲ್ಲ, ವಾರ್ಡ್ ಆಚೆ ರಾತ್ರಿಯೆಲ್ಲ ಮೊಬೈಲಲ್ಲಿ ಹುಡುಕ್ತಾ ಕೂತೆ. ರಕ್ತ ಹೆಪ್ಪುಗಟ್ಟಿ ಕರಗ್ತಾ ಇದ್ರೆ ಅದು ಏರುತ್ತಂತೆ. ವುಹಾನ್‌ನ ಎರಡು ಆಸ್ಪತ್ರೆಯ 191 ಜನರ ಲೆಕ್ಕ 2020ರ ಮಾರ್ಚಲ್ಲೇ ಬಂದಿತ್ತು, ಅದ್ರಲ್ಲಿ 54 ಜನ ತೀರ್ಕೊಂಡಿದ್ರು, ವಯಸ್ಸು ಜಾಸ್ತಿ ಆದಷ್ಟೂ, ಅಡ್ಮಿಟ್ ಆದಾಗ ಡಿ-ಡೈಮರ್ 1ರ ಮೇಲಿದ್ರೆ, ಅಂಗಾಂಗಗಳು ಕೈಕೊಡ್ತಿದ್ರೆ ಸಾವಿನ ಅಪಾಯ ಜಾಸ್ತಿ ಅಂತ ಬರೆದಿದ್ರು. ಅಪ್ಪನ ರಿಪೋರ್ಟಲ್ಲಿ 1.6. ಓದಿ ಕೈಯೆಲ್ಲ ತಣ್ಣಗಾಯ್ತು, ಹೋಗಿ ಓದಿದ್ದೇ ತಪ್ಪು ಅನ್ನಿಸ್ತು.

ಡೆಕ್ಸಾಮೆಥಾಸೋನ್ ಅನ್ನೋ, ಶುಗರ್ ಏರಿಸೋ ಸ್ಟೆರಾಯ್ಡ್ ದಿನಕ್ಕೆ 6 ಮಿಗ್ರಾಂ ಶುರು ಮಾಡಿದ್ರು, ಅದು ಆಕ್ಸಿಜನ್ ಬೇಕಾದೋರಿಗೆ ಮಾತ್ರ ಉಪಯೋಗ, ಬೇಡದೋರಿಗೆ ಉಪಯೋಗ ಕಾಣಲಿಲ್ಲ ಅಂತ ಇಂಗ್ಲೆಂಡಿನ ಟ್ರಯಲ್ಲಲ್ಲಿ ಗೊತ್ತಾಗಿತ್ತು. ನಮ್ ಬೀದೀಲಿ ಒಬ್ರು ವಾಟ್ಸಾಪ್ ನೋಡ್ಕೊಂಡು ಜ್ವರ ಬಂದ ಮೊದಲ ದಿನವೇ ನುಂಗಿದ್ರು, ಶುಗರ್ 400 ದಾಟಿ ಒದ್ದಾಡಿದ್ರು. ಅಪ್ಪಂಗೂ ಶುಗರ್ ಏರ್ತು, ಇನ್ಸುಲಿನ್ ಕೊಟ್ಟು ಹಿಡಿದ್ರು. ಆಕ್ಸಿಜನ್ ಏರ್ಲಿ ಅಂತ ಬೋರಲು ಮಲಗಿ ಅಂದ್ರೆ ಮಾತ್ರ ಕೇಳ್ತಿರ್ಲಿಲ್ಲ. ಹನ್ನೊಂದು ದಿನಕ್ಕೆ ಮನೆಗೆ ಬಂದ್ರು.

ಪಕ್ಕದ ಬೆಡ್‌ನೋರಿಗೆ 45 ಕೂಡ ಆಗಿರ್ಲಿಲ್ಲ, ಶುಗರ್ರೂ ಇಲ್ಲ, ದಪ್ಪ ಇದ್ರು ಅಷ್ಟೇ. ಬಂದಾಗಲೇ ಆಕ್ಸಿಜನ್ 70ರ ಆಸುಪಾಸು ಇತ್ತಂತೆ, ಮೂರನೇ ದಿನ ಹೋದ್ರು. ಅವ್ರ ತಮ್ಮ ಕ್ಯಾಂಟೀನ್ ಹತ್ರ ನನ್ ಕೈಲಿದ್ದ ಈ ಆಕ್ಸಿಮೀಟರ್ ನೋಡಿ "ಇದು ಎಷ್ಟಾಯ್ತು ಅಣ್ಣ" ಅಂದ. ರೇಟ್ ಹೇಳೋಕೆ ಬಾಯಿ ಬರ್ಲಿಲ್ಲ.

ಇನ್ನು ವಸ್ತು ಬಗ್ಗೆ. ಕೆಂಪು ಲೈಟು, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಎರಡನ್ನೂ ಬೆರಳೊಳಗೆ ಹಾಯಿಸಿ ಲೆಕ್ಕ ಹಾಕುತ್ತೆ, ಹಂಗಾಗಿ ನೇಲ್ ಪಾಲಿಶ್ ಇದ್ರೆ, ಕೈ ತಣ್ಣಗಿದ್ರೆ ನಂಬರ್ ಕೆಡುತ್ತೆ. ಅಪ್ಪಂದು ಗುದ್ದಲಿ ಹಿಡಿದ ಕೈ, ಬೆಳಿಗ್ಗೆ ಹೊತ್ತು ಉಜ್ಜಿ ಬಿಸಿ ಮಾಡಿದ ಮೇಲೇನೇ ಸರಿಯಾಗಿ ತೋರಿಸ್ತಿದ್ದದ್ದು. ವಾರ್ಡಿನ ಮಾನಿಟರ್‌ಗಿಂತ ನಮ್ದು ಎರಡು ಜಾಸ್ತಿ ತೋರಿಸ್ತಿತ್ತು. ಕಪ್ಪು ಚರ್ಮದೋರಿಗೆ ಇದು ಇರೋದಕ್ಕಿಂತ ಜಾಸ್ತಿ ತೋರಿಸೋ ಸಾಧ್ಯತೆ ಇದೆ ಅಂತ 2020ರ ಡಿಸೆಂಬರಲ್ಲಿ ಅಮೆರಿಕದೋರು ಬರೆದಿದ್ರು, ಬಿಸಿಲಲ್ಲಿ ಬೆಂದ ನಮ್ಮೋರು ಇದನ್ನ ನೆನಪಲ್ಲಿ ಇಟ್ಕೋಬೇಕು. ಅದಕ್ಕೇ ನಾನು 94 ಬಂದ್ರೂ ಒಂದು ನಿಮಿಷ ಬಿಟ್ಟು ಇನ್ನೊಂದು ಬೆರಳಿಗೆ ಹಾಕ್ತೀನಿ.

ಬ್ಯಾಟರಿ ಮುಚ್ಚಳ ಎರಡೇ ತಿಂಗಳಿಗೆ ಮುರೀತು, ರಬ್ಬರ್ ಬ್ಯಾಂಡ್ ಸುತ್ತಿದೀನಿ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಳೆದಿರೋದು ಆ ಮುಚ್ಚಳಕ್ಕೆ. ಅಪ್ಪ ಈಗ್ಲೂ ದೇವರ ಗೂಡಲ್ಲಿ ಇಟ್ಟಿರ್ತಾರೆ, ಬ್ಯಾಟರಿ ಮಾತ್ರ ತೆಗೆದು ಟಿವಿ ರಿಮೋಟಿಗೆ ಹಾಕೊಂಡವ್ರೆ.