ಸಹಿ ಹಾಕಿಸಿದ ಕ್ಯಾಪ್ ತಲೆ ಮೇಲೋ, ಡಬ್ಬಿಯೊಳಗೋ? ಡಿಸ್‌ಪ್ಲೇ ಬಾಕ್ಸ್ ಆರು ವರ್ಷ ಬಳಸಿದ ಮೇಲೆ

ಡಬ್ಬಿಗೆ ಐದರಲ್ಲಿ ಎರಡೂವರೆ ಅಂಕ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಾನು ತೆಗೆದುಕೊಂಡಿದ್ದು ಕ್ಯಾಪ್ ಇಡುವ ಅಕ್ರಿಲಿಕ್ ಡಬ್ಬಿ. ಕೆಳಗೆ ಕಪ್ಪು ತಟ್ಟೆ, ಮೇಲೆ ಗಾಜಿನಂತಹ ಮುಚ್ಚಳ, ಅದರ ಮೇಲೆ ‘ಯುವಿ (ಅತಿನೇರಳೆ ಕಿರಣ) ತಡೆಯುತ್ತದೆ’ ಎಂಬ ಚೀಟಿ. ಬಾಸ್ ಎಂಬ ಮೀನು ಹಿಡಿಯುವ ಟೂರ್ನಮೆಂಟ್‌ಗಳಲ್ಲಿ ಹೆಸರು ಮಾಡಿದ ಒಬ್ಬರಿಂದ ಒಂದೇ ದಿನ ಎರಡು ಕ್ಯಾಪ್‌ಗೆ ಸಹಿ ಹಾಕಿಸಿದ್ದೆ. ಪೆನ್ನೂ ಒಂದೇ, ಕಪ್ಪು ಪರ್ಮನೆಂಟ್ ಮಾರ್ಕರ್. ಒಂದು ಕ್ಯಾಪ್ ಡಬ್ಬಿಗೆ ಹೋಯಿತು. ಇನ್ನೊಂದನ್ನು ಹಾಕಿಕೊಂಡು ಗಾಳ ಹಿಡಿದು ಹೊರಟೆ, ಇವತ್ತಿಗೂ ಅದನ್ನೇ ಹಾಕುತ್ತೇನೆ. ಪ್ರಯೋಗ ಮಾಡುವ ಉದ್ದೇಶವೇನೂ ಇರಲಿಲ್ಲ. ಎರಡನ್ನೂ ನೋಡುತ್ತಾ ಸುಮ್ನೆ ಕೂರುವ ತಾಳ್ಮೆ ಇರಲಿಲ್ಲ, ಅಷ್ಟೇ.

ಆರು ವರ್ಷದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಡಬ್ಬಿಯೊಳಗಿನ ಸಹಿಯೇ ಜಾಸ್ತಿ ಮಾಸಿದೆ. ಹೊಟ್ಟೆ ಉರಿಯದೇ ಇರುತ್ತಾ?

ತಪ್ಪು ಪೂರ್ತಿ ಡಬ್ಬಿಯದ್ದಲ್ಲ. ಅದನ್ನು ಕಿಟಕಿಯ ಎದುರಿನ ಕಪಾಟಿನಲ್ಲಿ ಇಟ್ಟವನು ನಾನು. ‘ಯುವಿ ತಡೆಯುತ್ತದೆ’ ಎಂದು ಓದಿ, ಬೆಳಕಿನ ಚಿಂತೆಯೇ ಇಲ್ಲ ಅಂದುಕೊಂಡಿದ್ದೆ. ಬಣ್ಣ ಕೆಡಿಸುವುದು ಯುವಿ ಮಾತ್ರ ಅಲ್ಲ, ನಮ್ಮ ಕಣ್ಣಿಗೆ ಕಾಣುವ ಮಾಮೂಲಿ ಬೆಳಕೂ ಕೆಡಿಸುತ್ತದೆ. ಒಳ್ಳೆಯ ಅಕ್ರಿಲಿಕ್ ಯುವಿಯನ್ನು ಬಹುಪಾಲು ತಡೆದರೂ ಉಳಿದ ಬೆಳಕು ಒಳಗೆ ಬಂದೇ ಬರುತ್ತದೆ. ಬರದಿದ್ದರೆ ಕ್ಯಾಪ್ ಕಾಣುವುದಾದರೂ ಹೇಗೆ! ಬಟ್ಟೆ, ಕಾಗದದಂಥ ಸೂಕ್ಷ್ಮ ವಸ್ತುಗಳಿಗೆ ವಸ್ತುಸಂಗ್ರಹಾಲಯಗಳು ಸುಮಾರು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕನ್ನೇ ಮಿತಿ ಎಂದು ಇಟ್ಟುಕೊಂಡಿರುತ್ತವೆ. ಹಗಲಲ್ಲಿ ಕಿಟಕಿ ಪಕ್ಕ ಸಾವಿರ ಲಕ್ಸ್ ದಾಟುವುದು ಏನೂ ದೊಡ್ಡದಲ್ಲ. ಬೆಳಕಿನ ಹಾನಿ ದಿನದಿನಕ್ಕೆ ಕೂಡುತ್ತಾ ಹೋಗುತ್ತದೆ. ಆಮೇಲೆ ಕತ್ತಲಲ್ಲಿ ಇಟ್ಟರೆ ಹೋದ ಬಣ್ಣ ವಾಪಸ್ ಬರುವುದಿಲ್ಲ.

ಕಪ್ಪು ಮಾರ್ಕರ್‌ನ ಕಪ್ಪು ಹೆಚ್ಚಾಗಿ ಒಂದೇ ಬಣ್ಣ ಅಲ್ಲ. ಹಲವು ಬಣ್ಣ ಬೆರೆಸಿ ಕಪ್ಪು ಮಾಡಿರುತ್ತಾರೆ, ಒಂದೊಂದು ಒಂದೊಂದು ವೇಗದಲ್ಲಿ ಸಾಯುತ್ತದೆ. ನನ್ನ ಸಹಿ ಎರಡನೇ ವರ್ಷಕ್ಕೆ ನೇರಳೆ ತಿರುಗಿತು, ನಾಲ್ಕನೇ ವರ್ಷಕ್ಕೆ ಕಂದು. ಈಗ ಟೀ ಕಲೆಯ ಹಾಗಿದೆ.

ತಲೆ ಮೇಲಿನ ಕ್ಯಾಪ್ ಹೇಗೆ ಉಳಿಯಿತು? ಅದರಲ್ಲಿ ಸಹಿ ಇದ್ದದ್ದು ಮುಂದಿನ ಚಾಚಿನ ಕೆಳಗೆ, ಬಿಸಿಲು ಬೀಳದ ಕಡೆ. ಡಬ್ಬಿಯ ಕ್ಯಾಪ್‌ನಲ್ಲಿ ಸಹಿ ಚಾಚಿನ ಮೇಲೆ. ಹಾಗಾಗಿ ಹೋಲಿಕೆ ಸರಿಸಮ ಅಲ್ಲ, ಒಪ್ಪುತ್ತೇನೆ. ಆದರೆ ಸಹಿ ಹಾಕಿಸುವವರಿಗೆ ಇದರಲ್ಲೇ ಕೆಲಸಕ್ಕೆ ಬರುವ ಮಾತಿದೆ. ಹಾಕಿಕೊಳ್ಳುವ ಆಸೆ ಇದ್ದರೆ ಚಾಚಿನ ಕೆಳಗೆ ಹಾಕಿಸಿಕೊಳ್ಳಿ. ಫೋಟೋದಲ್ಲಿ ಕಾಣುವುದಿಲ್ಲ ಅಂತ ಬೇಜಾರಾಗಬಹುದು, ಕ್ಯಾಪ್ ತೆಗೆದು ತೋರಿಸುವಾಗ ಅದಕ್ಕಿಂತ ಜಾಸ್ತಿ ಖುಷಿ ಇದೆ.

ಬಿಸಿಲಿಗಿಂತ ನನ್ನ ಕೈಯೇ ಅದಕ್ಕೆ ದೊಡ್ಡ ಶತ್ರುವಾಯಿತು. ಒಮ್ಮೆ ಮೀನು ಬಿಡಿಸಿ, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು, ಅದು ಆರುವ ಮೊದಲೇ ಚಾಚು ಹಿಡಿದು ಕ್ಯಾಪ್ ಸರಿ ಮಾಡಿಕೊಂಡೆ. ಸಹಿಯ ಕೊನೆಯ ಅಕ್ಷರದ ಬಾಲ ಬೆರಳಿಗೆ ಅಂಟಿಕೊಂಡು ಬಂತು. ಪರ್ಮನೆಂಟ್ ಮಾರ್ಕರ್ ಶಾಯಿ ನೀರಿಗೆ ಜಗ್ಗುವುದಿಲ್ಲ, ಆಲ್ಕೋಹಾಲ್ ಮುಟ್ಟಿದರೆ ಕರಗುತ್ತದೆ. ಸನ್‌ಸ್ಕ್ರೀನ್ ಎಣ್ಣೆಯೂ ಒಳ್ಳೆಯದಲ್ಲ. ಸೊಳ್ಳೆ ಓಡಿಸಲು ಹಚ್ಚುವ ಡೀಟ್ ಅಂತೂ ಕೆಲವು ಪ್ಲಾಸ್ಟಿಕ್‌ಗಳನ್ನೇ ಮೆತ್ತಗೆ ಮಾಡುತ್ತದೆ, ಶಾಯಿ ಯಾವ ಲೆಕ್ಕ. ಈಗ ಮೊದಲು ಕ್ಯಾಪ್ ಹಾಕಿಕೊಂಡು, ಆಮೇಲೆ ಇವನ್ನೆಲ್ಲ ಹಚ್ಚಿಕೊಳ್ಳುತ್ತೇನೆ. ಮಂಗನ ಕೈಗೆ ಮಾಣಿಕ್ಯ ಅಂದರೆ ಇದೇ ಇರಬೇಕು.

ಡಬ್ಬಿಯ ವಿಷಯಕ್ಕೆ ವಾಪಸ್. ಧೂಳು, ಬೆರಳು, ತುಂಟ ಮಕ್ಕಳಿಂದ ಕಾಪಾಡುತ್ತದೆ, ಅದಕ್ಕೇ ಆ ಎರಡೂವರೆ ಅಂಕ. ಆದರೆ ಒರೆಸಿದಷ್ಟೂ ಸ್ಥಾಯಿ ವಿದ್ಯುತ್ ಹುಟ್ಟಿ ಧೂಳನ್ನು ಎಳೆದುಕೊಳ್ಳುತ್ತದೆ. ಗಾಜು ಒರೆಸುವ ದ್ರಾವಣ ಹಾಕಿ ಉಜ್ಜಿದೆ, ಒಂದು ಮೂಲೆಯಲ್ಲಿ ಕೂದಲೆಳೆಯಂತಹ ಬಿರುಕು ಎದ್ದು ಮಬ್ಬಾಯಿತು. ಅಮೋನಿಯಾ, ಆಲ್ಕೋಹಾಲ್ ಇರುವ ದ್ರಾವಣ ಅಕ್ರಿಲಿಕ್‌ಗೆ ಆಗುವುದಿಲ್ಲ ಎಂದು ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೆ ಏನಾಗುತ್ತಿತ್ತು? ಮೆತ್ತನೆ ಬಟ್ಟೆ, ನೀರು, ಒಂದು ಹನಿ ಸೋಪು ಸಾಕು. ಕ್ಯಾಪ್‌ನ ಗುಂಡು ಭಾಗಕ್ಕೆ ಒಳಗಿನಿಂದ ಆಸರೆಯೂ ಕೊಟ್ಟಿರಲಿಲ್ಲ, ಮೂರನೇ ವರ್ಷಕ್ಕೆ ಕುಸಿದು ಮಡಿಕೆ ಬಿತ್ತು. ಆಮ್ಲ ಇಲ್ಲದ ಟಿಶ್ಯೂ ಕಾಗದ ಉಂಡೆ ಮಾಡಿ ತುಂಬಿದೆ. ಹಳೆ ಪೇಪರ್ ತುಂಬಬೇಡಿ, ಅದರ ಆಮ್ಲ ಬಟ್ಟೆಯನ್ನು ಹಳದಿ ಮಾಡುತ್ತದೆ.

ಹಾಕಿ ಬೆವರಿದ ಕ್ಯಾಪ್ ಅನ್ನು ಹಾಗೇ ಡಬ್ಬಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಬೆವರಿನ ಉಪ್ಪು, ಎಣ್ಣೆ, ತೇವ ಮೂರೂ ಒಳಗೇ ಕೂತು ಬೂಷ್ಟಿಗೆ ಹಬ್ಬ. ಒಂದೋ ಹಾಕಿ, ಇಲ್ಲವೋ ಇಡಿ. ಭಾನುವಾರ ಹಾಕಿ ಸೋಮವಾರ ಡಬ್ಬಿಗೆ ಹಾಕುವ ಮಧ್ಯದ ದಾರಿ ನನ್ನ ಪ್ರಕಾರ ದಾರಿಯೇ ಅಲ್ಲ.

ಸಹಿ ಹಾಕಿಸಿದ ಟೂರ್ನಮೆಂಟ್ ಜೆರ್ಸಿ ಇದ್ದರೆ ಯೋಚಿಸಲೇಬೇಡಿ, ಹಾಕಬೇಡಿ. ಆ ಪಾಲಿಯೆಸ್ಟರ್ ಶಾಯಿಯನ್ನು ಸರಿಯಾಗಿ ಹೀರುವುದಿಲ್ಲ, ಮೇಲ್ಮೇಲೆ ಕೂತಿರುತ್ತದೆ. ನಾಲ್ಕು ಸಲ ಒಗೆದರೆ ಸಹಿಯ ನೆರಳು ಉಳಿಯುತ್ತದೆ.

ಕ್ಯಾಪ್‌ಗಿಂತ ನನಗೆ ಜಾಸ್ತಿ ನೋವಾದದ್ದು ಒಂದು ಲೂರ್‌ನಿಂದ, ಅಂದರೆ ಮೀನನ್ನು ಸೆಳೆಯುವ ಕೃತಕ ಎರೆಯಿಂದ. ಅದೇ ಮೀನುಗಾರರು ಸಹಿ ಹಾಕಿದ ಗಟ್ಟಿ ಪ್ಲಾಸ್ಟಿಕ್ ಮೀನು. ಗಾಳದ ಡಬ್ಬಿಯಲ್ಲಿ, ರಬ್ಬರಿನಂಥ ಮೆತ್ತನೆ ಹುಳುಗಳ ಪಕ್ಕ ಇಟ್ಟಿದ್ದೆ. ಒಂದು ಬೇಸಿಗೆ ಕಳೆದು ತೆಗೆದರೆ ಹುಳು ಮೀನಿಗೆ ಅಂಟಿದೆ, ಬಣ್ಣ ಕಿತ್ತು ಬಂದಿದೆ, ಸಹಿ ಬೆಣ್ಣೆಯ ಹಾಗೆ ಹರಡಿದೆ. ಎರೆಯಾಗಿ ಬಳಸುವ ಆ ಮೆತ್ತನೆ ಹುಳುಗಳು ಪಿವಿಸಿ ಎಂಬ ಪ್ಲಾಸ್ಟಿಕ್. ಅವು ಬಳುಕಲಿ ಅಂತ ಹಾಕಿದ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಬಂದು ಪಕ್ಕದ ಪ್ಲಾಸ್ಟಿಕ್, ಬಣ್ಣ, ಶಾಯಿ ಎಲ್ಲವನ್ನೂ ಕರಗಿಸುತ್ತದೆ. ಸಹಿ ಮಾಡಿದ ಫೋಟೋವನ್ನು ಪಿವಿಸಿ ಕವರ್‌ನಲ್ಲಿ ಇಟ್ಟರೂ ಇದೇ ಕಥೆ, ಸಹಿ ಕವರ್‌ಗೆ ಹತ್ತಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್ ತೆಗೆದುಕೊಳ್ಳಿ. ಲೂರ್ ಮೇಲೆ ವಾರ್ನಿಶ್ ಸ್ಪ್ರೇ ಹೊಡೆದು ಸಹಿ ಭದ್ರ ಮಾಡುತ್ತೇನೆ ಅನ್ನುವವರೂ ನಿಲ್ಲಿ. ಸ್ಪ್ರೇಯಲ್ಲಿರುವ ದ್ರಾವಕವೇ ಮಾರ್ಕರ್ ಶಾಯಿಯನ್ನು ಹಬ್ಬಿಸಿಬಿಡಬಹುದು.

ಹಾಗಾದರೆ ಹಾಕಬೇಕೋ ಇಡಬೇಕೋ? ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಸಹಿ ಇನ್ನೊಂದು ಸಲ ಸಿಗುತ್ತದಾ? ಬ್ರಯಾನ್ ಕರ್ಷಲ್ 1994ರಲ್ಲಿ ಅಮೆರಿಕದ ದೊಡ್ಡ ಬಾಸ್ ಟೂರ್ನಮೆಂಟ್ ಆದ ಬಾಸ್‌ಮಾಸ್ಟರ್ ಕ್ಲಾಸಿಕ್ ಗೆದ್ದರು, ಅದೇ ವರ್ಷ ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಾಂಪಿಯನ್ ಆಗಿ ಅವರು ಸಹಿ ಹಾಕಿದ್ದು ಕೆಲವೇ ತಿಂಗಳು. ಅಂಥದ್ದು ನಿಮ್ಮ ಹತ್ತಿರ ಇದ್ದರೆ ಕತ್ತಲಲ್ಲಿ ಇಡಿ, ಅದರ ಫೋಟೋ ತೆಗೆದು ಗೋಡೆಗೆ ತೂಗುಹಾಕಿ. ಕೆವಿನ್ ವ್ಯಾನ್‌ಡ್ಯಾಮ್ ಅದೇ ಕ್ಲಾಸಿಕ್ ಅನ್ನು 2001, 2005, 2010, 2011ರಲ್ಲಿ ಗೆದ್ದವರು. ಅಷ್ಟು ವರ್ಷ ಎದುರಿಗಿದ್ದವರ ಸಹಿ ಇರುವ ಕ್ಯಾಪ್ ನನ್ನದಾಗಿದ್ದರೆ ಹಾಕಿಕೊಂಡೇ ಹೋಗುತ್ತಿದ್ದೆ. ಮಾರುವ ಯೋಚನೆ ಇದ್ದವರಿಗೆ ಈ ಮಾತು ಬೇಡ. ಬೆವರು ಕಲೆ ಬಿದ್ದ ಕ್ಯಾಪ್‌ನ ಬೆಲೆ ಇಳಿಯುತ್ತದೆ, ಅದರಲ್ಲಿ ಚರ್ಚೆ ಇಲ್ಲ.

ಮಾಸಿದ ಸಹಿಯ ಮೇಲೆ ನಾನೇ ತಿದ್ದಿಬಿಡಲೇ ಎಂದು ಒಂದು ರಾತ್ರಿ ಮಾರ್ಕರ್ ಮುಚ್ಚಳ ತೆಗೆದದ್ದೂ ಉಂಟು. ತಿದ್ದಿದ್ದರೆ ಅದು ನನ್ನ ಕೈಬರಹ ಆಗುತ್ತಿತ್ತು ಅಲ್ವಾ? ಮುಚ್ಚಳ ಹಾಕಿದೆ.

ಆ ಕ್ಯಾಪ್ ಈಗ ಬೀರುವಿನೊಳಗೆ ರಟ್ಟಿನ ಪೆಟ್ಟಿಗೆಯಲ್ಲಿದೆ. ಅಕ್ರಿಲಿಕ್ ಡಬ್ಬಿಯಲ್ಲಿ ಸಹಿ ಇಲ್ಲದ ಒಂದು ಹಳೆಯ ಗಾಳದ ರೀಲ್ ಕೂತಿದೆ, ಕಿಟಕಿಯ ಎದುರೇ. ಇನ್ನೊಂದು ಕ್ಯಾಪ್‌ನ ಬೆವರುಪಟ್ಟಿಯನ್ನು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಒಣಗಲು ಇಟ್ಟಿದ್ದೇನೆ, ನಾಳೆ ಬೇಕಾಗುತ್ತದೆ.