ನೆರೆಗೆ ಇನ್ಶೂರೆನ್ಸ್ ಅಂತ ಹೇಳಿ ಕೊಟ್ಟಿದ್ದು ಬೇರೆಯೇ! ಹೊಳೆ ದಂಡೆಯವರು ಓದಿ

ಅಂಕೋಲಾ, ಕುಮಟಾ, ಕಾರವಾರ ಕಡೆ ಹೊಳೆ ದಂಡೆಯಲ್ಲಿ ಮನೆ ಇದ್ದವರು, ಮನೆ ರಿಪೇರಿಗೆ ಸಾಲ ತೆಗೆಯುವವರು ದಯವಿಟ್ಟು ಪೂರ್ತಿ ಓದಿ. ಸಾಲ ಕೊಡುವವರು "ಇನ್ಶೂರೆನ್ಸ್ ಇದರಲ್ಲೇ ಸೇರಿದೆ, ನೆರೆ ಬಂದರೂ ಚಿಂತೆ ಇಲ್ಲ" ಎಂದರೆ ನಂಬಬೇಡಿ. ನನಗೂ ಹಾಗೇ ಹೇಳಿದ್ದರು. ನೆರೆ ಬಂತು. ಒಂದು ಪೈಸೆ ಬರಲಿಲ್ಲ. ಬರುವುದಾದರೂ ಎಲ್ಲಿಂದ? ಅದು ಮನೆಯ ಇನ್ಶೂರೆನ್ಸೇ ಅಲ್ಲ.

ನಮ್ಮದು ಗಂಗಾವಳಿ ದಂಡೆ. 2019ರ ಆಗಸ್ಟಿನ ನೆರೆಯನ್ನು ಈ ಭಾಗದವರಿಗೆ ನಾನು ವಿವರಿಸಬೇಕಾಗಿಲ್ಲ. ರಾಮನಗುಳಿಯ ತೂಗುಸೇತುವೆಯೇ ಕೊಚ್ಚಿಕೊಂಡು ಹೋಯಿತು, ನಮ್ಮ ಮನೆ ಯಾವ ಲೆಕ್ಕ. ಕಿಟಕಿಯವರೆಗೆ ನೀರು. ತುರ್ತು ಪರಿಹಾರ ಅಂತ 10,000 ರೂಪಾಯಿ ಬಂತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಹೇಳಿತ್ತು, ನಮ್ಮದು ಪೂರ್ತಿ ಬಿದ್ದಿರಲಿಲ್ಲವಲ್ಲ. ಹಾಗಾಗಿ ಸಾಲ.

ಸಾಲ ಕೊಟ್ಟಿದ್ದು ಒಂದು ಫೈನಾನ್ಸ್ ಕಂಪನಿ. ಮನೆಗೆ ಬಂದ ಹುಡುಗ ಪಕ್ಕದ ಊರಿನವನೇ. ನಾನು ರಿಟೈರ್ಡ್ ಶಿಕ್ಷಕಿ, ಅವನ ಅಕ್ಕನಿಗೆ ಪಾಠ ಹೇಳಿದವಳು. "ಅಕ್ಕೋರೇ, ಅಕ್ಕೋರೇ" ಎಂದು ಜಗಲಿಯ ಮೇಲೆ ಕೂತು ಚಾ ಕುಡಿದ. ನಾಲ್ಕು ಲಕ್ಷಕ್ಕೆ ಸಹಿ. ಕೈಗೆ ಬಂದಾಗ ಇಪ್ಪತ್ತು ಸಾವಿರದಷ್ಟು ಕಮ್ಮಿ. ಕೇಳಿದೆ. ಕೇಳದೆ ಬಿಡುವವಳಲ್ಲ ನಾನು. "ಅದು ಇನ್ಶೂರೆನ್ಸ್ ಅಕ್ಕೋರೇ, ಕಂಪಲ್ಸರಿ. ಇನ್ನು ನೆರೆ ಬಂದರೆ ಕಂಪನಿ ನೋಡಿಕೊಳ್ತದೆ, ನೀವು ಆರಾಮಾಗಿ ಮಲಗಿ." ಇದೇ ಮಾತು. ನಮ್ಮ ಯಜಮಾನರೂ ಅಲ್ಲೇ ಇದ್ದರು. ಕಾಗದ ಎಲ್ಲಿ ಎಂದರೆ "ಪೋಸ್ಟಿನಲ್ಲಿ ಬರ್ತದೆ". ಬರಲಿಲ್ಲ. ಸಹಿ ಎಲ್ಲ ಅವನ ಟ್ಯಾಬಿನಲ್ಲಿ, ಮೇಲಿಂದ ಒಂದು ಓಟಿಪಿ. ಆ ಇಪ್ಪತ್ತು ಸಾವಿರವನ್ನೂ ಸಾಲಕ್ಕೇ ಸೇರಿಸಿದ್ದರು, ಅದಕ್ಕೂ ಬಡ್ಡಿ ಕಟ್ಟಿದ್ದೇನೆ.

ಇನ್ನೊಂದು ತಮಾಷೆ ಕೇಳಿ. ಅದೇ ಕಂಪನಿಯ ಮ್ಯಾನೇಜರ್ ಆಗ ಹೇಳಿದ್ದು, "ಇಂಥ ನೆರೆ ನೂರು ವರ್ಷಕ್ಕೊಮ್ಮೆ ಬರೋದು ಮೇಡಂ, ಇನ್ನು ನಿಮ್ಮ ಕಾಲದಲ್ಲಿ ಬರೋದಿಲ್ಲ." ಎರಡೇ ವರ್ಷಕ್ಕೆ, 2021ರ ಜುಲೈಯಲ್ಲಿ, ಮತ್ತೆ ಬಂತು! ಗುಳ್ಳಾಪುರದ ಸೇತುವೆ ಹೋಯಿತು. ನೂರು ವರ್ಷದ ನೆರೆ ಅಂದರೆ ಪ್ರತಿ ಮಳೆಗಾಲದಲ್ಲೂ ನೂರಕ್ಕೆ ಒಂದು ಪಾಲು ಸಾಧ್ಯತೆ ಅಷ್ಟೇ. ಒಮ್ಮೆ ಬಂದುಹೋಯಿತು, ಇನ್ನು ರಜೆ ಅಂತಲ್ಲ. ಕಾಳಿ ಹೊಳೆ ಕಡೆಯವರಿಗಾದರೂ ಕದ್ರಾ ಅಣೆಕಟ್ಟಿನ ಗೇಟು ತೆಗೆಯುವಾಗ ಸೂಚನೆ ಕೊಡುತ್ತಾರೆ. ನಮ್ಮ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಕಲಘಟಗಿ, ಯಲ್ಲಾಪುರದಲ್ಲಿ ಹೊಯ್ದ ಮಳೆ ಮಾಗೋಡು ಜಲಪಾತ ಇಳಿದು ಸೀದಾ ನಮ್ಮ ಹಿತ್ತಲಿಗೆ. ಅದೇ ಹೊತ್ತಿಗೆ ಸಮುದ್ರದಲ್ಲಿ ಉಬ್ಬರ ಇದ್ದರೆ ಮುಗಿಯಿತು, ಕೆಳಗಿನ ಊರುಗಳಲ್ಲಿ ನೀರು ಮುಂದೆ ಹೋಗುವುದೇ ಇಲ್ಲ.

2021ರ ಆ ಸಲ ನೀರು ಇದ್ದಾಗ ಗೋಡೆ ನಿಂತೇ ಇತ್ತು. ನೀರು ಇಳಿದ ಮೇಲೆ ಬಿತ್ತು. ಹಳೇ ಚೀರೆಕಲ್ಲಿನ ಗೋಡೆ, ಮಧ್ಯದ ಮಣ್ಣೆಲ್ಲ ಕರಗಿ ಕಲ್ಲು ಕಲ್ಲೇ ಬಿಡಿಬಿಡಿಯಾಗಿ ಅಡುಗೆಮನೆಯ ಒಳಗೇ ಕುಸಿಯಿತು. ಅಕ್ಕಿ ಡಬ್ಬಿಯೊಳಗೆ ಕೆಸರು. ನೆರೆಮನೆಯವರು ಬಂದು "ಅಕ್ಕೋರಿಗೇನು, ಇನ್ಶೂರೆನ್ಸ್ ಬರ್ತದೆ" ಎಂದರು. ನಾನೂ ಹೌದು ಎಂದೆ.

ಫೋನ್ ಮಾಡಿದೆ. ಆ ಕಡೆ ಒಬ್ಬ ಹುಡುಗಿ, ಸಕ್ಕರೆಯಂಥ ದನಿ.

"ಏನು ಘಟನೆ ಮೇಡಂ?"

"ನೆರೆ ಬಂದಿದೆ."

"ಡೆತ್ ಯಾರದು ಮೇಡಂ?"

ನನಗೆ ಅರ್ಥವೇ ಆಗಲಿಲ್ಲ. ಯಾರೂ ಸತ್ತಿಲ್ಲ, ಗೋಡೆ ಬಿದ್ದಿದೆ ಎಂದೆ.

"ಹಾಗಾದರೆ ಕ್ಲೇಮ್ ಆಗೋದಿಲ್ಲ ಮೇಡಂ. ಇದು ಸಾಲಗಾರರ ಜೀವ ವಿಮೆ. ನೀವು ತೀರಿಕೊಂಡರೆ ಸಾಲದ ಬಾಕಿ ಚುಕ್ತಾ ಆಗುತ್ತೆ. ಬೇರೆ ಏನಾದರೂ ಸಹಾಯ ಬೇಕಿತ್ತಾ ಮೇಡಂ?"

ಬೇರೆ ಏನು ಸಹಾಯ! ಕೆಸರಿನಲ್ಲಿ ನಿಂತು ಮಾತಾಡುತ್ತಿದ್ದೇನೆ, ಸತ್ತಿದ್ದರೆ ದುಡ್ಡು ಬರ್ತಿತ್ತಂತೆ. ಅದೂ ನಮ್ಮ ಮನೆಯವರಿಗಲ್ಲ, ಸಾಲ ಕೊಟ್ಟವರಿಗೇ ಮೊದಲು. ಸರ್ಟಿಫಿಕೇಟ್ ಕೂಡ ಆಗಲೇ ವಾಟ್ಸಾಪಿನಲ್ಲಿ ಬಂದಿದ್ದು. ಅದರಲ್ಲಿ ನನ್ನ ವಯಸ್ಸಿದೆ, ನಾಮಿನಿ ಅಂತ ಯಜಮಾನರ ಹೆಸರಿದೆ. ಮನೆಯ ಮಾತೇ ಇಲ್ಲ. ಗೋಡೆ, ನೆರೆ, ನೀರು, ಒಂದು ಶಬ್ದವೂ ಇಲ್ಲ.

ಹುಡುಗನನ್ನು ಹಿಡಿದೆ. ಅವನ ಉತ್ತರ ನೋಡಿ: "ನಾನು ಇನ್ಶೂರೆನ್ಸ್ ಅಂದೆ ಅಕ್ಕೋರೇ, ಇನ್ಶೂರೆನ್ಸ್ ಇದೆಯಲ್ಲ?" ಮ್ಯಾನೇಜರ್ ಇನ್ನೂ ಒಂದು ಹೆಜ್ಜೆ ಮುಂದೆ. "ನೀವು ಟೀಚರ್ ಅಲ್ವಾ ಮೇಡಂ, ಓದಿ ಸಹಿ ಮಾಡಬಹುದಿತ್ತು." ಓದಲು ಕೊಟ್ಟಿದ್ದು ಏನನ್ನು? ಟ್ಯಾಬಿನ ಮೇಲೆ ಬೆರಳು ಎಳೆಯಲು ಕೊಟ್ಟಿದ್ದು! ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದವಳಿಗೆ ಈ ಮಾತು. ಈಗಲೂ ನೆನಪಾದರೆ ಮೈ ಉರಿಯುತ್ತದೆ. ಊರಲ್ಲಿ "ಇನ್ಶೂರೆನ್ಸ್ ಬಂತಾ ಅಕ್ಕೋರೇ" ಎಂದು ಕೇಳುವವರಿಗೆ ಮುಖ ತೋರಿಸಲು ಆಗದೆ ಪೇಟೆಗೆ ಹೋಗುವುದನ್ನೇ ಬಿಟ್ಟಿದ್ದೆ.

ಸಿಟ್ಟಿನಲ್ಲೇ ಕಾರವಾರಕ್ಕೆ ಹೋಗಿ ಒಂದು ಜನರಲ್ ಇನ್ಶೂರೆನ್ಸ್ ಆಫೀಸಿನಲ್ಲಿ ಕೇಳಿದೆ. ಅಲ್ಲಿದ್ದವರು ಪುಣ್ಯಾತ್ಮರು, ಕೂರಿಸಿ ಹೇಳಿದರು. ಮನೆಗೆ ಅಂತಲೇ "ಭಾರತ್ ಗೃಹ ರಕ್ಷಾ" ಎಂಬ ಪಾಲಿಸಿ 2021ರ ಏಪ್ರಿಲ್ 1ರಿಂದ ಇದೆ. ಕಂಪನಿ ಯಾವುದೇ ಇರಲಿ, ನಿಯಮ ಒಂದೇ. ಬೆಂಕಿ, ನೆರೆ, ಗುಡ್ಡ ಕುಸಿತ ಎಲ್ಲ ಅದರಲ್ಲೇ ಬರುತ್ತದೆ. ಜಾಗದ ಬೆಲೆ ಸೇರುವುದಿಲ್ಲ, ಮನೆ ಮತ್ತೆ ಕಟ್ಟುವ ಖರ್ಚಿನ ಲೆಕ್ಕ. ಕಟ್ಟಡದ ಮೊತ್ತದ 20 ಪರ್ಸೆಂಟ್, ಜಾಸ್ತಿ ಅಂದರೆ 10 ಲಕ್ಷದವರೆಗೆ, ಮನೆ ಸಾಮಾನಿಗೂ ತಾನಾಗಿಯೇ ಸಿಗುತ್ತದೆ. ಬಂಗಾರ ಬೇಕಾದರೆ ಬೇರೆ ಬರೆಸಬೇಕು. ವರ್ಷಕ್ಕೆ ಕಟ್ಟುವುದು ನನ್ನಿಂದ ಕಿತ್ತುಕೊಂಡಿದ್ದಕ್ಕೆ ಹೋಲಿಸಿದರೆ ಏನೇನೂ ಅಲ್ಲ. ಇದನ್ನು ಆ ಹುಡುಗ ಹೇಳಲಿಲ್ಲ, ಯಾಕೆಂದರೆ ಇದರಲ್ಲಿ ಅವನಿಗೆ ಸಿಗುವ ಕಮಿಷನ್ ಎಷ್ಟು, ಅಲ್ವಾ?

ಶಿರಸಿ ಕಡೆ ನನ್ನ ತಂಗಿ ಮನೆಯವರದು ಇನ್ನೊಂದು ಭ್ರಮೆ. ಅಡಿಕೆಗೆ ವಿಮೆ ತುಂಬಿದ್ದೇವಲ್ಲ, ಮನೆಗೂ ಆಗ್ತದೆ ಅಂತ. ಆಗುವುದಿಲ್ಲ. ಅದು ಹವಾಮಾನ ಆಧಾರಿತ ಬೆಳೆ ವಿಮೆ, ಪಂಚಾಯ್ತಿಯ ಮಳೆಮಾಪಕದ ಲೆಕ್ಕ ನೋಡಿ ದುಡ್ಡು ಬರುವುದು. ನಿಮ್ಮ ಗೋಡೆಗೂ ಅದಕ್ಕೂ ಸಂಬಂಧವಿಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ನಮ್ಮ ಕಡೆ ಜನ ಹೆದರಿದ್ದಾರೆ. ಮಣ್ಣು ಹೊಳೆಗೆ ಬಿದ್ದು ಆಚೆ ದಂಡೆಯ ಉಳುವರೆಯ ಮನೆಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ಗೊತ್ತು. ಈ ಹೆದರಿಕೆಯೇ ಸಾಲ ಕೊಡುವವರಿಗೆ ಬಂಡವಾಳ. ಇದ್ದ ಸಾಲದ ಮೇಲೆ ಇನ್ನೊಂದಿಷ್ಟು ಕೊಡುವ ಟಾಪ್-ಅಪ್ ಸಾಲ, ಜೊತೆಗೆ ಅದೇ ಇನ್ಶೂರೆನ್ಸ್, ಅದೇ ಮಾತು.

ಕಾಗದ ಕೈಗೆ ಬರುವವರೆಗೆ ಓಟಿಪಿ ಹೇಳಬೇಡಿ. ಮನೆಯ ಪಾಲಿಸಿಯಾದರೆ ಅದರಲ್ಲಿ ವಿಮೆ ಮಾಡಿದ ಮನೆಯ ವಿಳಾಸ, ಕಟ್ಟಡದ ಮೊತ್ತ ಇರಲೇಬೇಕು. ಬರೀ ವಯಸ್ಸು, ನಾಮಿನಿ ಇದ್ದರೆ ಅದು ನಿಮ್ಮ ಜೀವಕ್ಕೆ. ಸಾಲ ಬೇಕಾದರೆ ತಾವು ಹೇಳಿದ ಕಂಪನಿಯ ಪಾಲಿಸಿಯೇ ತೆಗೆಯಬೇಕು ಎಂದು ಕಡ್ಡಾಯ ಮಾಡುವ ಹಾಗಿಲ್ಲ. ಹಾಗೆ ಹೇಳಿದರೆ ಬರೆದು ಕೊಡಿ ಎನ್ನಿ, ಸುಮ್ನಾಗುತ್ತಾರೆ.

ಮೋಸ ಆಗಿಹೋಗಿದ್ದರೆ ಮೊದಲು ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಸಹಾಯವಾಣಿ 155255. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಲೋಕಪಾಲರಿದ್ದಾರೆ, ಫೀ ಇಲ್ಲ, ವಕೀಲರೂ ಬೇಡ. ನನಗೆ ಕಂಪನಿ ಕೊಟ್ಟ ಉತ್ತರ "ಗ್ರಾಹಕರೇ ಓಟಿಪಿ ಕೊಟ್ಟು ಒಪ್ಪಿದ್ದಾರೆ" ಎಂದು. ಕಡೆಗೆ ಸಾಲವನ್ನು ಅವಧಿಗೆ ಮುಂಚೆಯೇ ತೀರಿಸಿ, ಉಳಿದ ವರ್ಷಗಳ ಪ್ರೀಮಿಯಂ ವಾಪಸ್ ಕೊಡಿ ಎಂದು ಪಟ್ಟು ಹಿಡಿದೆ. ಸ್ವಲ್ಪ ಬಂತು. ಗೋಡೆ ಕಟ್ಟಿದ್ದು ನನ್ನ ಪೆನ್ಶನ್ ದುಡ್ಡಲ್ಲಿ.